ಹಗಲಲ್ಲಿ ಮುಖ ತೋರಿಸದ ಗಿರ್ಲು

ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರಿಗೆ ಈ ಅನುಭವ ಆಗಿಯೇ ಇರುತ್ತದೆ. ಹತ್ತು ಮೀನು ತಂದು ಬಿಟ್ಟಿರುತ್ತೀರಿ, ಬಂದ ನೆಂಟರ ಮಕ್ಕಳು ಎಣಿಸಿದರೆ ಒಂಬತ್ತೇ ಸಿಗುತ್ತವೆ. ಗಪ್ಪಿ, ಗೌರಾಮಿ, ಗೋಲ್ಡ್‌ಫಿಶ್ ಎಲ್ಲ ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತವೆ. ಆ ಹತ್ತನೆಯದು ಮಾತ್ರ ಕಲ್ಲಿನ ಹಿಂದೆಯೋ, ಫಿಲ್ಟರಿನ ಸಂದಿಯಲ್ಲೋ ಅಂಟಿಕೊಂಡು ಕುಳಿತಿರುತ್ತದೆ. ಅದಕ್ಕೆ ಮೀಸೆ ಇದ್ದರಂತೂ ಹಗಲಲ್ಲಿ ಅದರ ದರ್ಶನದ ಆಸೆಯನ್ನೇ ಬಿಟ್ಟುಬಿಡಿ. "ಸತ್ತುಹೋಯಿತೇನೋ" ಎಂದು ಕೋಲು ಹಾಕಿ ಕೆದಕುವವರಿದ್ದಾರೆ. "ದುಡ್ಡು ಕೊಟ್ಟು ತಂದದ್ದು ಕಾಣುವುದೇ ಇಲ್ಲವಲ್ಲ" ಎಂದು ಅಂಗಡಿಗೆ ವಾಪಸ್ ಕೊಡುವವರಿದ್ದಾರೆ. ಇಂಥ ನಾಚಿಕೆಯ ಮೀನೊಂದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು. ಅದನ್ನು ಹೆದರಿಸದೆ ಸಾಕುವುದು ಕಷ್ಟವೇನಲ್ಲ. ಆದರೆ ಮೊದಲು ಅದು ಯಾರು ಎಂದು ತಿಳಿದುಕೊಳ್ಳಬೇಕು.

ನನ್ನ ತವರು ಯಳಂದೂರು. ಮದುವೆಯಾಗಿ ಬಂದದ್ದು ಕೊಳ್ಳೇಗಾಲಕ್ಕೆ. ಅಕ್ಕನನ್ನು ಹನೂರಿಗೆ ಕೊಟ್ಟಿದ್ದಾರೆ. ಮಳೆಗಾಲ ಶುರುವಾಗಿ ಸುವರ್ಣಾವತಿಯಲ್ಲಿ ಹೊಸ ನೀರು ಬಂದಾಗ ತವರಿನಿಂದ ತಮ್ಮ ಸಣ್ಣ ಮೀನು ತಂದುಕೊಡುವುದು ವಾಡಿಕೆ. ಆ ಹೊಳೆಯನ್ನು ನಮ್ಮ ಕಡೆ ಹೊನ್ನುಹೊಳೆ ಎಂದೂ ಕರೆಯುತ್ತಾರೆ. ಹಾಗೆ ಒಂದು ಭಾನುವಾರ ಬಕೆಟ್ಟಿನಲ್ಲಿ ಬಂದ ಮೀನನ್ನು ಅತ್ತೆ ಹಿತ್ತಲಲ್ಲಿ ಬೂದಿ ಹಚ್ಚಿ ಉಜ್ಜುತ್ತಿದ್ದರು. ಅವುಗಳಲ್ಲಿ ಬೆರಳುದ್ದದ ಒಂದು ಮೀನಿಗೆ ಇನ್ನೂ ಜೀವವಿತ್ತು. ಅತ್ತೆ ಹಿಡಿದ ಕೂಡಲೇ ಅದು "ಟರ್ರ್ ಟರ್ರ್" ಎಂದು ಸದ್ದು ಮಾಡಿತು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ ನನ್ನ ಮಗಳು ಎದ್ದು ನಿಂತುಬಿಟ್ಟಳು. "ದಾದಿ, ಅದು ಮಾತಾಡ್ತಿದೆ. ಅದನ್ನು ಕುಯ್ಯಬೇಡಿ."

ಮೀನು ಮಾತಾಡುವುದಿಲ್ಲ ಎಂದು ಹೇಳಿ ಸುಮ್ಮನಾಗಿಸಬಹುದಿತ್ತು. ಆದರೆ ಹುಡುಗಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಜಾತಿಯ ಮೀನಿಗೆ ಎದೆಯ ಎರಡೂ ಬದಿಯ ಈಜುರೆಕ್ಕೆಯ ಮುಂದೆ ಗಟ್ಟಿಯಾದ ಮುಳ್ಳು ಇರುತ್ತದೆ. ಅಪಾಯ ಬಂದಾಗ ಆ ಮುಳ್ಳಿನ ಬುಡವನ್ನು ಮೂಳೆಯ ಗುಳಿಯಲ್ಲಿ ಉಜ್ಜಿ ಸದ್ದು ಹೊರಡಿಸುತ್ತದೆ. ಹಿಡಿದ ಶತ್ರುವನ್ನು ಬೆದರಿಸುವ ಸದ್ದು ಅದು. ಅತ್ತೆ ನಕ್ಕು ಅದನ್ನು ಚೊಂಬಿನ ನೀರಿಗೆ ಹಾಕಿಕೊಟ್ಟರು. ಆಮೇಲೆ ಅದಕ್ಕೆ ಅವರೇ ಇಟ್ಟ ಹೆಸರು ದುಲ್ಹನ್. ಯಾಕೆಂದರೆ ಬಂದ ದಿನದಿಂದ ಅದು ಮುಖ ಎತ್ತಲಿಲ್ಲ.

ಇಲ್ಲಿಂದ ನಮ್ಮ ಮನೆಯಲ್ಲಿ ಚರ್ಚೆ ಶುರುವಾಯಿತು. ನಮ್ಮವರು ಅದು ಮುರುಗೋಡು ಎಂದರು. ಪಕ್ಕದ ಮನೆಯವರು, "ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಇರಬೇಕು, ಎತ್ತಿ ಬಿಸಾಡಿ. ಒಂದು ತಿಂಗಳಲ್ಲಿ ನಿಮ್ಮ ಬೇರೆ ಮೀನನ್ನೆಲ್ಲ ನುಂಗುತ್ತದೆ" ಎಂದು ಹೆದರಿಸಿದರು. ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಸರಕಾರ 2000ದಲ್ಲೇ ನಿಷೇಧಿಸಿದೆ. ಅದು ಸಿಕ್ಕಿದ್ದನ್ನೆಲ್ಲ ತಿಂದು ದೊಡ್ಡದಾಗುವ ಮೀನು. ಹೊಂಡಗಳಿಂದ ತಪ್ಪಿಸಿಕೊಂಡು ಈಗ ಕಾವೇರಿಯಲ್ಲೂ ಸೇರಿಕೊಂಡಿದೆ. ಮಗಳು ಮಾತ್ರ ಚೊಂಬು ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಯಾರ ಮಾತು ನಿಜವೋ ಅದರ ಮೇಲೆ ಆ ಮೀನಿನ ಜೀವ ನಿಂತಿತ್ತು.

ಮೀಸೆ ಮೀನನ್ನು ಗುರುತಿಸಲು ದೊಡ್ಡ ವಿದ್ಯೆ ಬೇಡ. ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ, ಮೀನನ್ನು ಅದರೊಳಗೆ ಬಿಟ್ಟು, ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಕೈಯಲ್ಲಿ ಹಿಡಿದು ನೋಡಬೇಡಿ.

ಮೊದಲು ಬೆನ್ನು ನೋಡಬೇಕು. ತಲೆಯ ಹಿಂದಿನಿಂದ ಬಾಲದವರೆಗೂ ಒಂದೇ ಉದ್ದನೆಯ ಈಜುರೆಕ್ಕೆ ಬೇಲಿಯ ಹಾಗೆ ಹೋಗಿದ್ದರೆ ಅದು ಮುರುಗೋಡಿನ ವಂಶ. ನಮ್ಮ ನಾಡಿನ ಮುರುಗೋಡೂ ಆಫ್ರಿಕಾದ್ದೂ ಎರಡೂ ಹೀಗೇ ಇರುತ್ತವೆ. ಮರಿಯಲ್ಲಿ ಅವೆರಡನ್ನು ಬೇರೆ ಮಾಡುವುದು ಸುಲಭವಲ್ಲ. ದೊಡ್ಡದಾದ ಮೇಲೆ ತಲೆಬುರುಡೆಯ ಹಿಂಭಾಗ ನೋಡಿ ಹೇಳುತ್ತಾರೆ, ನಾಡಿನದ್ದಕ್ಕೆ ಅದು ದುಂಡಗೆ, ಆಫ್ರಿಕಾದ್ದಕ್ಕೆ ಕೋನ ಕೋನವಾಗಿ. ಬೆನ್ನಿನ ರೆಕ್ಕೆ ಉಗುರಿನಷ್ಟು ಚಿಕ್ಕದಿದ್ದು, ಹೊಟ್ಟೆಯ ಕೆಳಗಿನ ರೆಕ್ಕೆ ಬಾಲದ ತನಕ ಉದ್ದ ಇದ್ದು, ಮೈ ಕಂದುಗೆಂಪಾಗಿದ್ದರೆ ಅದು ಚೇಳು ಮೀನು. ಆ ಹೆಸರು ಸುಮ್ಮನೆ ಬಂದದ್ದಲ್ಲ, ಅದರ ಮುಳ್ಳಿನಲ್ಲಿ ನಿಜವಾಗಿಯೂ ವಿಷವಿದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿದಂತೆ ಇದ್ದು, ಮೀಸೆ ಎರಡೇ ಜೊತೆ ಇದ್ದರೆ ಅದು ಬಾಳೆ ಮೀನಿನ ಮರಿ. ಅದು ಆಳುದ್ದಕ್ಕೆ ಹತ್ತಿರ ಬೆಳೆಯುವ ಬೇಟೆಗಾರ.

ನಮ್ಮ ದುಲ್ಹನ್‌ಗೆ ಇದ್ಯಾವುದೂ ಹೊಂದಲಿಲ್ಲ. ಬೆನ್ನಿನ ಮೇಲೆ ಚಿಕ್ಕ ತ್ರಿಕೋನದ ರೆಕ್ಕೆ, ಅದರ ಮುಂದೆ ಒಂದು ಮುಳ್ಳು. ಅದರ ಹಿಂದೆ, ಬಾಲದ ಕಡೆಗೆ, ಮೂಳೆಯೇ ಇಲ್ಲದ ಮೆತ್ತನೆಯ ಇನ್ನೊಂದು ರೆಕ್ಕೆ. ಬಾಲ ಕವಲೊಡೆದದ್ದು. ಮೀಸೆ ನಾಲ್ಕು ಜೊತೆ, ಅಂದರೆ ಎಂಟು. ಮಗಳು ಮೂರು ಸಲ ಎಣಿಸಿದಳು. ಮೇಲಿನ ತುಟಿಯ ಜೊತೆ ಬಹಳ ಉದ್ದ, ಹಿಂದಕ್ಕೆ ಮಡಚಿದರೆ ಹೊಟ್ಟೆಯ ರೆಕ್ಕೆಯನ್ನೂ ದಾಟುತ್ತದೆ. ಕಿವಿರಿನ ಹಿಂದೆ ಕಾಡಿಗೆ ಬೊಟ್ಟಿನಂಥ ಒಂದು ಕಪ್ಪು ಮಚ್ಚೆ. ಮೈಯುದ್ದಕ್ಕೂ ಪಟ್ಟೆಪಟ್ಟೆ. ವಾರದ ಸಂತೆಯಲ್ಲಿ ಮೀನು ಮಾರುವ ಹೆಂಗಸಿಗೆ ತೋರಿಸಿದಾಗ ಆಕೆ ಇಷ್ಟೆಲ್ಲ ಎಣಿಸಲೇ ಇಲ್ಲ. ಒಂದು ಸಲ ನೋಡಿ, "ಗಿರ್ಲು ಕಣಕ್ಕ. ಮುಟ್ಬೇಡಿ, ಚುಚ್ಬುಡ್ತದ" ಎಂದಳು.

ಗಿರ್ಲು ಎಂದರೆ ಒಂದೇ ಮೀನಲ್ಲ, ಒಂದು ಬಳಗ. ಮೈ ಬೆಳ್ಳಿಯ ಹಾಗೆ ಬೋಳಾಗಿದ್ದು ಹಿಂದಿನ ಮೆತ್ತನೆಯ ರೆಕ್ಕೆ ಬಹಳ ಉದ್ದವಿದ್ದರೆ ಅದು ಮೊಳದ ಹತ್ತಿರ ಬೆಳೆಯುವ ಜಾತಿ, ಸಣ್ಣ ಟ್ಯಾಂಕಿಗೆ ಆಗದು. ಪಟ್ಟೆಯ ಗಿರ್ಲು ಸಾಮಾನ್ಯವಾಗಿ ಗೇಣುದ್ದ ದಾಟುವುದಿಲ್ಲ. ವಿಜ್ಞಾನದವರು ಇದನ್ನು ಮಿಸ್ಟಸ್ ವಿಟ್ಟೇಟಸ್ ಎನ್ನುತ್ತಾರೆ. 1794ರಲ್ಲಿ ಬರ್ಲಿನ್ನಿನ ವೈದ್ಯ ಬ್ಲಾಖ್ ಎಂಬಾತ ಇದನ್ನು ಮೊದಲು ವಿವರಿಸಿದ್ದು. ಅವನಿಗೆ ಮೀನು ಹೋದದ್ದು ತರಂಗಂಬಾಡಿಯಿಂದ. ಅದು ಇದೇ ಕಾವೇರಿ ಸಮುದ್ರ ಸೇರುವ ಸೀಮೆ. ನಮ್ಮ ಹೊನ್ನುಹೊಳೆಯ ನೀರೂ ಕೊನೆಗೆ ಹರಿದು ಹೋಗುವುದು ಅಲ್ಲಿಗೇ. ನಾವು ಬೂದಿ ಹಚ್ಚಿ ಉಜ್ಜುವ ಮೀನು ಇನ್ನೂರು ವರ್ಷದ ಹಿಂದೆಯೇ ಜರ್ಮನಿಯ ಪುಸ್ತಕ ಸೇರಿತ್ತು ಎಂದರೆ ಅತ್ತೆ ನಂಬಲಿಲ್ಲ. "ಅವರು ಸಾರು ಮಾಡಿರಲಿಕ್ಕಿಲ್ಲ" ಎಂದರು.

ಗುರುತು ಸಿಕ್ಕಿತು. ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ಹುಣ್ಣು, ಬಿಳಿ ಚುಕ್ಕೆ ಏನೂ ಇಲ್ಲವೆಂದು ನೋಡಿಕೊಂಡು ಟ್ಯಾಂಕಿಗೆ ಬಿಟ್ಟೆವು. ಹೊಸ ಮೀನನ್ನು ನೇರವಾಗಿ ಹಳೆಯವುಗಳ ಜೊತೆ ಬಿಡುವ ಆತುರ ನೀವೂ ಮಾಡಬೇಡಿ. ನಮ್ಮದು ಮೂರಡಿಯ ಟ್ಯಾಂಕು. ಅದರಲ್ಲಿ ಐದಾರು ಬಾರ್ಬ್, ಎರಡು ಗೌರಾಮಿ. ಗಿರ್ಲು ಜಗಳಗಂಟನಲ್ಲ, ಆದರೆ ಬಾಯಿಗೆ ಹಿಡಿಸುವಷ್ಟು ಚಿಕ್ಕ ಮರಿ ಸಿಕ್ಕರೆ ರಾತ್ರಿ ಬಿಡುವುದಿಲ್ಲ. ಗಪ್ಪಿ ಮರಿ ಇರುವ ಟ್ಯಾಂಕಿಗೆ ಇದನ್ನು ಹಾಕಬೇಡಿ.

ಬಿಟ್ಟ ದಿನದಿಂದ ಅದು ಕಾಣೆ. ಮೂರನೆಯ ದಿನ ಮಗಳು ಊಟ ಬಿಟ್ಟಳು. ಅದಕ್ಕೆ ಹಸಿವಾಗಿದೆ, ಅದು ಅಳುತ್ತಿದೆ ಎಂದು ಅವಳ ವಾದ. ನಿಜ ಸಂಗತಿ ಎಂದರೆ, ಗಿರ್ಲು ರಾತ್ರಿಯ ಜೀವಿ. ಹೊಳೆಯಲ್ಲಿ ಹಗಲು ಬೇರಿನ ಸಂದಿ, ಕಲ್ಲಿನ ಅಡಿ, ಜೊಂಡಿನ ಬುಡದಲ್ಲಿರುತ್ತದೆ. ಹೊತ್ತು ಮುಳುಗಿದ ಮೇಲೆ ಹೊರಗೆ ಬರುತ್ತದೆ. ಅದಕ್ಕೆ ಕಣ್ಣಿಗಿಂತ ಮೀಸೆಯೇ ಹೆಚ್ಚು ಆಧಾರ. ಮೀಸೆಯ ತುಂಬ ರುಚಿ ತಿಳಿಯುವ ಮೊಗ್ಗುಗಳಿವೆ. ಕತ್ತಲೆಯಲ್ಲಿ ನೆಲ ಮುಟ್ಟುತ್ತಾ ಹೋದರೆ ಏನು ತಿನ್ನಬಹುದು, ಏನು ತಿನ್ನಬಾರದು ಎಂದು ಗೊತ್ತಾಗಿಬಿಡುತ್ತದೆ. ಇನ್ನೊಂದು ವಿಚಾರ ನನಗೆ ಬಹಳ ಕುತೂಹಲದ್ದೆನಿಸಿತು. ಈ ಮೀನುಗಳ ಹೊಟ್ಟೆಯೊಳಗಿನ ಗಾಳಿಚೀಲದಿಂದ ಕಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿ ಇರುತ್ತದೆ. ಹಾಗಾಗಿ ಅವಕ್ಕೆ ಸದ್ದು ಬಹಳ ಚೆನ್ನಾಗಿ ಕೇಳಿಸುತ್ತದೆ. ಮಿಕ್ಸಿ ಇರುವ ಕಟ್ಟೆಯ ಪಕ್ಕ, ಟಿವಿಯ ಕೆಳಗೆ, ಧಡ್ ಎಂದು ಬಡಿಯುವ ಬಾಗಿಲ ಬಳಿ ಟ್ಯಾಂಕಿಟ್ಟರೆ ಅದು ಹೊರಗೆ ಬರುವುದು ಹೇಗೆ? ಗಾಜಿಗೆ ಬೆರಳಿನಿಂದ ತಟ್ಟುವುದೂ ಅದರ ಪಾಲಿಗೆ ತಲೆಯ ಮೇಲೆ ತಟ್ಟೆ ಬಡಿದ ಹಾಗೆ. ನೆಂಟರ ಮಕ್ಕಳಿಗೆ ಇದನ್ನು ಹೇಳುವುದು ಮುಜುಗರವೇ, ಆದರೂ ಹೇಳಿ.

ನಾವು ಟ್ಯಾಂಕನ್ನು ನಡುಮನೆಯ ಮೂಲೆಗೆ ಸರಿಸಿದೆವು. ಒಡೆದ ಮಡಕೆಯ ಅರ್ಧ ಭಾಗ, ಎರಡು ತುಂಡು ಪಿವಿಸಿ ಪೈಪು, ಕುದಿಸಿ ಬಣ್ಣ ಬಿಡಿಸಿದ ತೆಂಗಿನ ಚಿಪ್ಪು ಹಾಕಿದೆವು. ಅಂಚು ಚೂಪಾಗಿದ್ದರೆ ಕಲ್ಲಿಗೆ ಉಜ್ಜಿ ನುಣುಪು ಮಾಡಬೇಕು. ತಳಕ್ಕೆ ಬಣ್ಣಬಣ್ಣದ ಚೂಪು ಜಲ್ಲಿ ಬೇಡ, ಮೀಸೆ ಸವೆದುಹೋಗುತ್ತದೆ. ತೊಳೆದ ನುಣ್ಣನೆಯ ಹೊಳೆಮರಳು ಸಾಕು. ಬಚ್ಚಿಟ್ಟುಕೊಳ್ಳಲು ಜಾಗ ಕೊಟ್ಟರೆ ಇನ್ನೂ ಕಾಣುವುದಿಲ್ಲವಲ್ಲ ಎಂದು ನಿಮಗನಿಸಬಹುದು. ಆಗುವುದು ತಿರುಗಾಮುರುಗಾ. ಓಡಿಹೋಗಲು ಮನೆಯಿದೆ ಎಂದು ಗೊತ್ತಿರುವ ಮೀನು ಧೈರ್ಯವಾಗಿ ಹೊರಬರುತ್ತದೆ. ಒಂಟಿಯಾಗಿಡುವುದಕ್ಕಿಂತ ನಾಲ್ಕೈದು ಒಟ್ಟಿಗಿಟ್ಟರೆ ಇನ್ನೂ ಒಳ್ಳೆಯದು. ಗಿರ್ಲು ಗುಂಪಿನ ಮೀನು. ತಮ್ಮ ಮುಂದಿನ ಸಲ ಬಂದಾಗ ಅದೇ ಹೊಳೆಯ ಇನ್ನೂ ನಾಲ್ಕನ್ನು ಜೀವಂತ ತಂದುಕೊಟ್ಟ. ಅವು ಬಂದ ಎರಡನೆಯ ವಾರಕ್ಕೇ ದುಲ್ಹನ್‌ಳ ನಾಚಿಕೆ ಅರ್ಧ ಹೋಯಿತು.

ನೋಡಬೇಕೆಂದರೆ ರಾತ್ರಿ ನೋಡಬೇಕು. ಇಶಾ ನಮಾಝ್ ಮುಗಿಸಿ, ಊಟ ಆಗಿ, ಮನೆಯ ದೀಪ ಆರಿಸಿ ಅರ್ಧ ಗಂಟೆ ಬಿಡಿ. ದೂರದಲ್ಲಿ ಒಂದು ಚಿಕ್ಕ ಕೆಂಪು ಬಲ್ಬು ಹಾಕಿ. ಕೆಂಪು ಬೆಳಕಿಗೆ ಇವು ಅಷ್ಟಾಗಿ ಬೆದರುವುದಿಲ್ಲ. ಮೊದಲು ಮಡಕೆಯ ಬಾಯಿಂದ ಮೀಸೆಯಷ್ಟೇ ಹೊರಬರುತ್ತದೆ. ಆಮೇಲೆ ಮೂಗು. ಆಮೇಲೆ ಐದೂ ಒಟ್ಟಿಗೆ ನೆಲ ಗುಡಿಸುವ ಹಾಗೆ ಮರಳನ್ನು ಮೀಸೆಯಿಂದ ತಡವುತ್ತಾ ಸುತ್ತು ಹಾಕುತ್ತವೆ.

ಆಹಾರವನ್ನೂ ಆ ಹೊತ್ತಿಗೇ ಹಾಕಬೇಕು. ಹಗಲು ಹಾಕಿದ್ದನ್ನು ಬಾರ್ಬ್‌ಗಳೇ ಮುಗಿಸುತ್ತವೆ, ಗಿರ್ಲು ಉಪವಾಸ ಬೀಳುತ್ತದೆ. ಮೇಲೆ ತೇಲುವ ಆಹಾರ ಇದಕ್ಕೆ ಆಗದು. ಮುಳುಗುವ ಕಾಳು, ಹೆಚ್ಚಿದ ಎರೆಹುಳು, ಉಪ್ಪಿಲ್ಲದ ಸಿಗಡಿಯ ಚೂರು ಒಳ್ಳೆಯದು. ಇನ್ನು ನಮ್ಮ ಕೊಳ್ಳೇಗಾಲದವರಿಗೆ ಒಂದು ಆಸೆ ಇದ್ದೇ ಇರುತ್ತದೆ. ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಹುಳು ಕೇರಿ ಕೇರಿಯಲ್ಲೂ ಸಿಗುತ್ತದಲ್ಲ, ಅದನ್ನೇ ಹಾಕಿದರಾಯಿತು ಎಂದು. ಮೀನು ಅದನ್ನು ಆಸೆಪಟ್ಟು ತಿನ್ನುತ್ತದೆ. ಒಣಗಿದ ಹುಳುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು. ಆದರೆ ಕಾಲು ಭಾಗದಷ್ಟು ಎಣ್ಣೆಯೂ ಇದೆ. ಆ ಎಣ್ಣೆ ನೀರಿನ ಮೇಲೆ ಪದರವಾಗಿ ನಿಂತು, ಒಂದೇ ರಾತ್ರಿಯಲ್ಲಿ ನಾಥ ಹೊಡೆಯುತ್ತದೆ. ಕೊಡುವುದಾದರೆ ಚೆನ್ನಾಗಿ ಒಣಗಿಸಿ, ಕುಟ್ಟಿ, ಕಾಗದದ ನಡುವೆ ಒತ್ತಿ ಎಣ್ಣೆ ತೆಗೆದು, ವಾರಕ್ಕೊಮ್ಮೆ ಒಂದು ಚಿಟಿಕೆ. ತಿಂದು ಮಿಕ್ಕಿದ್ದನ್ನು ಬೆಳಿಗ್ಗೆಯೇ ಹೀರಿ ತೆಗೆಯಿರಿ.

ನೀರಿನ ಸಂಗತಿಯಲ್ಲಿ ನನ್ನ ಮಾತಿಗಿಂತ ಅಕ್ಕನ ಮನೆಯ ಕಥೆ ಹೇಳುವುದು ಒಳ್ಳೆಯದು. ಹನೂರಿನಲ್ಲಿ ಅವರದು ಬೋರ್‌ವೆಲ್ ನೀರು. ಕುದಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವಷ್ಟು ಗಡಸು. ನಮ್ಮದು ಕ್ಲೋರಿನ್ ಹಾಕಿದ ನಲ್ಲಿ ನೀರು. ಕ್ಲೋರಿನ್ ನೀರನ್ನು ಅಗಲವಾದ ಟಬ್ಬಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಬೇಕು. ಗಡಸು ನೀರಾದರೆ ಮೀನನ್ನು ಅದಕ್ಕೆ ನಿಧಾನವಾಗಿ ಒಗ್ಗಿಸಿದರೆ ಗಿರ್ಲು ಹೊಂದಿಕೊಳ್ಳುತ್ತದೆ. ಅಕ್ಕನ ಮನೆಯ ಮೀನು ಸತ್ತದ್ದು ನೀರಿನ ಗಡಸಿನಿಂದಲ್ಲ, ಅವಳ ಶುಚಿಯಿಂದ. ಪ್ರತಿ ಗುರುವಾರ ಮನೆ ತೊಳೆಯುವಾಗ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿ, ಜಲ್ಲಿಯನ್ನು ಫಳಫಳ ತೊಳೆದು, ಹೊಸ ನೀರು ತುಂಬುತ್ತಿದ್ದಳು. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾ ವಿಷ. ಅದನ್ನು ಮುರಿದು ನಿರುಪದ್ರವಿ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಮರಳು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ತಿಕ್ಕಿ ತೊಳೆದರೆ ಅವೂ ಹೋದವು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಶುಚಿ ಎಂದರೆ ಇಲ್ಲಿ ಅಷ್ಟೇ. ನಮ್ಮ ಬಿಸಿಲಿಗೆ ಹೀಟರಿನ ಅಗತ್ಯ ಬರುವುದಿಲ್ಲ. ಬೇಸಿಗೆಯಲ್ಲಿ ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗುವುದೇ ತೊಂದರೆ. ಕರೆಂಟು ಹೋದಾಗ ಬ್ಯಾಟರಿಯ ಚಿಕ್ಕ ಏರ್ ಪಂಪು ಇದ್ದರೆ ನೆಮ್ಮದಿ.

ಮೀಸೆ ಮೀನಿಗೆ ಹುರುಪೆ ಇಲ್ಲ. ಮೈ ಬರೀ ಚರ್ಮ. ಬೇರೆ ಮೀನಿಗೆಂದು ಬರೆದಷ್ಟು ಔಷಧಿ, ಉಪ್ಪು ಹಾಕಿದರೆ ಇದು ತಾಳುವುದಿಲ್ಲ. ಅರ್ಧ ಪ್ರಮಾಣದಿಂದ ಶುರುಮಾಡಿ. ಹಿಡಿಯಲು ಬಲೆ ಬೇಡ, ಮುಳ್ಳು ಬಲೆಗೆ ಸಿಕ್ಕಿಕೊಂಡು ಬಿಡಿಸುವಷ್ಟರಲ್ಲಿ ಮೀನೂ ನೀವೂ ಸುಸ್ತು. ಮಗ್ಗಿನಲ್ಲಿ ನೀರಿನ ಸಮೇತ ಎತ್ತಿ. ಒಂದು ವೇಳೆ ಚುಚ್ಚಿದರೆ ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ನೋವು ಇಳಿಯುತ್ತದೆ. ಬಾವು ಏರಿದರೆ, ಚೇಳು ಮೀನು ಚುಚ್ಚಿದ್ದಾದರೆ ಡಾಕ್ಟರ ಹತ್ತಿರ ಹೋಗಿ.

ಅಕ್ಕನ ಮಗನ ಬಳಿ ಇನ್ನೊಂದು ಜಾತಿ ಇತ್ತು. ಅಂಗಡಿಯವರು, ಹೆಸರು ಬೇಡ, "ಇದಕ್ಕೆ ಊಟವೇ ಬೇಡ, ಟ್ಯಾಂಕಿನ ಕೊಳೆ ತಿಂದುಕೊಂಡಿರುತ್ತದೆ" ಎಂದು ಕೊಟ್ಟ ಸಕ್ಕರ್ ಮೀನು. ಅದೂ ಮೀಸೆ ಮೀನಿನ ದೂರದ ನೆಂಟನೇ, ಅದೂ ಹಗಲಲ್ಲಿ ಅಡಗುತ್ತದೆ. ಆದರೆ ಮೂಲ ದಕ್ಷಿಣ ಅಮೆರಿಕ. ಮೈ ತುಂಬ ಕವಚದಂಥ ಮೂಳೆಯ ಬಿಲ್ಲೆಗಳು, ಕೆಳಗೆ ತಟ್ಟೆಯಂಥ ಬಾಯಿ. ಕೊಳೆ ತಿಂದು ಬದುಕುತ್ತದೆ ಎನ್ನುವುದು ಅರ್ಧ ಸುಳ್ಳು. ಅದಕ್ಕೂ ಊಟ ಬೇಕು, ಅದು ಹಾಕುವ ಹೊಲಸೇ ಹೆಚ್ಚು. ಅಂಗಡಿಯಲ್ಲಿ ಎರಡು ಅಂಗುಲವಿದ್ದದ್ದು ಒಂದೂವರೆ ಅಡಿಯ ತನಕ ಬೆಳೆಯುತ್ತದೆ. ಅಕ್ಕನ ಮನೆಯದ್ದು ಅಡಿಯುದ್ದ ಆದಾಗ ಟ್ಯಾಂಕಿನಲ್ಲಿ ತಿರುಗಲೂ ಜಾಗವಿರಲಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹುಡುಗ ಅದನ್ನು ಕೆರೆಗೆ ಬಿಡುತ್ತೇನೆ ಎಂದು ಸೈಕಲ್ಲಿಗೆ ಬಕೆಟ್ ಕಟ್ಟಿದ್ದ. ಪಾಪ, ಅವನ ಮನಸ್ಸು ಒಳ್ಳೆಯದೇ.

ಸಹೋದರಿಯರೇ, ಇದೊಂದು ಮಾತನ್ನು ನಿಮ್ಮ ಮನೆಯ ಮಕ್ಕಳಿಗೆ ದಯವಿಟ್ಟು ಹೇಳಿ. ಈ ಸಕ್ಕರ್ ಮೀನು ಹೀಗೆಯೇ ಯಾರೋ ಬಿಟ್ಟದ್ದರಿಂದ ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಹಬ್ಬಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲೂ ಸಿಕ್ಕಿತು. ದಡದಲ್ಲಿ ಬಿಲ ಕೊರೆಯುತ್ತದೆ, ಬೆಸ್ತರ ಬಲೆ ಹರಿಯುತ್ತದೆ, ನೀರು ಬತ್ತಿದರೂ ಗಾಳಿ ಕುಡಿದು ಗಂಟೆಗಟ್ಟಲೆ ಬದುಕುತ್ತದೆ. ಹನೂರಿನ ಹಳ್ಳದ ನೀರು ಕೊನೆಗೆ ಸೇರುವುದು ಕಾವೇರಿಗೆ. ಕೆರೆಗೆ ಬಿಟ್ಟದ್ದು ಕೆರೆಯಲ್ಲೇ ಇರುತ್ತದೆಯೇ? 2018ರ ಪ್ರವಾಹದಲ್ಲಿ ಶಿವನಸಮುದ್ರದ ವೆಸ್ಲಿ ಸೇತುವೆಯ ಕಲ್ಲಿನ ಕಂಬಗಳೇ ಕೊಚ್ಚಿಹೋದವು, ಮರುವರ್ಷ ದಾಸನಪುರ, ಮುಳ್ಳೂರಿನ ಗದ್ದೆಗಳೆಲ್ಲ ಹೊಳೆಯಾದವು. ಮೀನಿಗೆ ಅಷ್ಟು ಸಾಕು. ಅದೇ ಕಾವೇರಿಯಲ್ಲಿ ನಮ್ಮ ಗಿರ್ಲುವಿನ ಒಬ್ಬ ದಾಯಾದಿ ಇದ್ದಾನೆ, 1849ರಲ್ಲಿ ಜೆರ್ಡನ್ ಎಂಬಾತ ವಿವರಿಸಿದ ಚುಕ್ಕೆಗಳ ಮೀಸೆ ಮೀನು. ಕಾವೇರಿ ಸೀಮೆ ಬಿಟ್ಟರೆ ಅದಕ್ಕೆ ಬೇರೆ ಊರಿಲ್ಲ. ಈಗ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ನಾವು ಬಕೆಟ್ಟಿನಿಂದ ಸುರಿಯುವ ಪರದೇಶಿ ಮೀನು ಹೋಗಿ ಕೂರುವುದು ಅಂಥವರ ಮನೆಯಲ್ಲಿ.

ಭಾವ ಕೊನೆಗೆ ಆ ಸಕ್ಕರ್ ಮೀನಿಗೆ ತೋಟದ ಸಿಮೆಂಟು ತೊಟ್ಟಿಯನ್ನು ಬಿಟ್ಟುಕೊಟ್ಟರು. ಕಾಲುವೆಗೆ ದಾರಿಯಿಲ್ಲದ ತೊಟ್ಟಿ, ಮೇಲೆ ಜಾಲರಿ.

ನಮ್ಮ ದುಲ್ಹನ್ ವಿಚಾರ ಅಷ್ಟು ಸರಳವಾಗಿರಲಿಲ್ಲ. ಅದು ಪರದೇಶಿಯಲ್ಲ, ಹೊನ್ನುಹೊಳೆಯ ಮಗಳೇ. ಅತ್ತೆಗೆ ಒಂದು ದಿನ ಅದು ಮನಸ್ಸಿಗೆ ಹತ್ತಿತು. ಬೆಕ್ಕನ್ನು ಕಟ್ಟಿಹಾಕಿ, ತಾನೂ ತಿನ್ನಿಸದೆ, ಬಿಟ್ಟೂ ಕೊಡದೆ ಶಿಕ್ಷೆಗೆ ಒಳಗಾದ ಹೆಂಗಸಿನ ವೃತ್ತಾಂತ ನೀವೆಲ್ಲ ಕೇಳಿಯೇ ಇರುತ್ತೀರಿ. "ಇದನ್ನು ಅದರ ಹೊಳೆಗೇ ಬಿಟ್ಟುಬಿಡೋಣ ಬಹೂ" ಎಂದರು. ನನಗೂ ಬಿಡುವುದೇ ನ್ಯಾಯ ಎನಿಸುತ್ತಿತ್ತು. ಆದರೆ ಎಂಟು ತಿಂಗಳು ಅದು ಅಂಗಡಿಯ ಮೀನುಗಳ ಜೊತೆ ಒಂದೇ ನೀರಿನಲ್ಲಿತ್ತು. ಆ ಅಂಗಡಿ ಮೀನುಗಳು ಎಲ್ಲೆಲ್ಲಿಂದಲೋ ಬಂದವು. ಮೀನು ನೋಡಲು ಚೆನ್ನಾಗಿದ್ದರೂ ಅದರ ಮೈಯಲ್ಲಿ ಹೊಳೆಗೆ ಪರಿಚಯವಿಲ್ಲದ ರೋಗ, ಹುಳು ಇರಬಹುದು. ಒಂದನ್ನು ಬಿಡುಗಡೆ ಮಾಡಲು ಹೋಗಿ ಹೊಳೆಗೇ ಕಾಯಿಲೆ ಹಚ್ಚಿದಂತಾಗಬಾರದು. ಹೀಗೆಂದಾಗ ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಪೂರ್ತಿ ಒಪ್ಪಿಗೆಯಾಗಿದೆ ಎಂದು ನಾನು ಹೇಳಲಾರೆ. "ಹಾಗಿದ್ದರೆ ಹೊಟ್ಟೆಗಾದರೂ ಸರಿಯಾಗಿ ಹಾಕಿ" ಎಂದು, ಅಂದಿನಿಂದ ರಾತ್ರಿಯ ಕಾಳು ಹಾಕುವ ಕೆಲಸವನ್ನು ತಾವೇ ವಹಿಸಿಕೊಂಡರು. ಹಾಗಾಗಿ ನಮ್ಮ ಮನೆಯಲ್ಲಿ ಒಂಬತ್ತೂವರೆಯ ಮೇಲೆ ಯಾರೂ ದೀಪ ಹಾಕುವಂತಿಲ್ಲ.

ಕೊನೆಗೆ, ಮದುವೆ ಮುಂಜಿಗೆಂದು ನಾಲ್ಕೈದು ದಿನ ಊರಿಗೆ ಹೋಗುವವರಿಗೆ. ಆರೋಗ್ಯವಾಗಿರುವ ದೊಡ್ಡ ಮೀನು ಅಷ್ಟು ದಿನ ಊಟವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟುಹೋದರೆ ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕಿ ನೀರು ಕೆಡಿಸುತ್ತಾರೆ. ಹೊರಡುವ ಹಿಂದಿನ ದಿನ ಕಾಲು ಭಾಗ ನೀರು ಬದಲಿಸಿ, ಡಬ್ಬಿಯನ್ನು ಬೀರುವಿನಲ್ಲಿಡಿ. ದಿನಕ್ಕೊಮ್ಮೆ ಬಂದು ಪಂಪು ಓಡುತ್ತಿದೆಯೇ ಎಂದಷ್ಟೇ ನೋಡಿ ಹೋಗಲು ಹೇಳಿ. ಮೀನು ಕಾಣುತ್ತಿಲ್ಲ ಎಂದು ಫೋನು ಮಾಡಬೇಡಿ ಎಂದೂ ಹೇಳಿಹೋಗಿ.